ಒಂದು ಬಿಟ್ಟು ಒಂದು ಬೋಲ್ಟು

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಪಾಸಾಗಿ ಎಂಟಕ್ಕೆ ಹೆಸರು ಹಚ್ಚಿದ್ದೆ. ಮಮದಾಪುರದ ನಮ್ಮ ಶಾಲೆಯ ವರಾಂಡಕ್ಕೆ ಆ ವಾರ ತಗಡು ಹಾಕುವ ಕೆಲಸ ನಡೆದಿತ್ತು. ಮಾಸ್ತರರು ಹಲಗೆಯ ಮೇಲೆ ಬೀಜಗಣಿತ ಬರೆಯುತ್ತಿದ್ದರೆ ನಾನು ಕಿಟಕಿಯಾಚೆ, ಕಬ್ಬಿಣದ ಆಂಗಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ ಮೂವರನ್ನು ನೋಡುತ್ತಿದ್ದೆ. “ಅಷ್ಟ ಪ್ರೀತಿ ಇದ್ರ ಮ್ಯಾಲ ಹೋಗಲೇ,” ಎಂದರು ಮಾಸ್ತರರು. ಹೋದೆ. ಇಡೀ ತರಗತಿ ನಕ್ಕಿತು. ನಾನು ಏಣಿ ಹತ್ತಿದ್ದು ನಗಿಸುವುದಕ್ಕಲ್ಲ.

ಆ ಮೂವರಲ್ಲಿ ಹಿರಿಯರು ಘೋಡಗೇರಿಯ ಶಿವಲಿಂಗ ಕಾಕಾ. ರಕ್ತಸಂಬಂಧವೇನೂ ಇಲ್ಲ, ಎಲ್ಲರಿಗೂ ಅವರು ಕಾಕಾನೇ. ಅವರು ನನ್ನನ್ನು ಬೈದು ಇಳಿಸಲಿಲ್ಲ. “ಬರಿಯಾಕ ಬರ್ತೈತೇನೋ?” ಎಂದು ಕೇಳಿದರು. ಬರುತ್ತದೆ ಎಂದೆ. “ಹಂಗಾರ ಅಳತಿ ಬರ್ಕೋ. ನನ್ನ ಅಕ್ಷರ ನನಗ ತಿಳಿಯೂದಿಲ್ಲ,” ಎಂದು ಕಿಸೆಯಿಂದ ಒಂದು ಮಡಚಿದ ವಹಿ ತೆಗೆದುಕೊಟ್ಟರು. ಎಂಟು ವರ್ಷ ಅವರ ಅಳತೆ ಬರೆದೆ, ಅವರ ಕೈ ನೋಡಿ ಕೈ ಕಲಿತೆ. ಆಮೇಲೆ ಸ್ವಂತ ಏಣಿ ಮಾಡಿಕೊಂಡೆ. ಹುಕ್ಕೇರಿ ಕಡೆಯ ಯಾವ ಹಳ್ಳಿಯಿಂದ ಕಾಕಾನನ್ನು ಕೇಳಿಕೊಂಡು ಬಂದರೂ, “ನನ್ನ ಮಣಕಾಲ ಹೋಗ್ಯಾವ, ಮಮದಾಪುರದ ಬಸೂನ್ನ ಕರೀರಿ, ನನಗಿಂತ ಒಂದ ಕೈ ಹೆಚ್ಚ ಅದಾನ,” ಎಂದು ನನ್ನ ಕಡೆ ಕಳಿಸುತ್ತಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕುಗಳಲ್ಲಿ ನಾನು ಹಾಕಿದ ತಗಡಿನ ಕೆಳಗೆ ಜನ ನಿದ್ದೆ ಮಾಡುತ್ತಾರೆ. ಇದು ಜಂಬವಾದರೆ ಜಂಬ. ದುಡಿದವನಿಗೆ ಅಷ್ಟು ಇರಬೇಕು.

ಈ ವಾರ ವರ್ಷದ ಮೊದಲ ಮಳೆ ಆಯಿತು. ದಿನವಿಡೀ ಕಾದ ತಗಡಿನ ಮೇಲೆ ಮೊದಲ ಹತ್ತು ಹನಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದಲ್ಲ, ಕಬ್ಬಿಣದ್ದು, ಬೆವರಿದ ಕೈಯಲ್ಲಿ ನಾಣ್ಯ ಹಿಡಿದುಕೊಂಡಂಥದು. ಆ ವಾಸನೆ ಬಂದರೆ ಸಾಕು, ಮೂರು ವರ್ಷದ ಹಿಂದಿನ ಆ ಮಳೆಗಾಲ ನನ್ನ ಎದುರು ಬಂದು ನಿಲ್ಲುತ್ತದೆ.

ರೋಹಿಣಿ ಮಳೆ ಕೂಡುವ ಹೊತ್ತು. ನಾನು ಮೂಡಲಗಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಗೋದಾಮಿಗೆ ತಗಡು ಹಾಕಿ ಮುಗಿಸಿದ್ದೆ. ನಾಲ್ಕು ಗಂಟೆಗೆ ಪಶ್ಚಿಮಕ್ಕೆ ಕೆಂಪು ಧೂಳಿನ ಗೋಡೆ ಎದ್ದಿತು. ರಸ್ತೆಯ ಮೇಲಿನ ಬುಟ್ಟಿ, ಛತ್ರಿ, ಚಪ್ಪಲಿ ಎಲ್ಲ ಎದ್ದು ಹೊರಟವು. ಬೇವಿನ ಮರವೊಂದು ಕೂದಲು ಹಿಡಿದು ಎಳೆದಂತೆ ಬಾಗಿತು. ನಾವು ಗೋದಾಮಿನೊಳಗೆ ನಿಂತೆವು. ತಲೆಯ ಮೇಲೆ ತಗಡು ಗುಡುಗಿತೇ ಹೊರತು ಒಂದು ಬೋಲ್ಟೂ ಅಲುಗಲಿಲ್ಲ. ವ್ಯಾಪಾರಿ ನನ್ನ ಬೆನ್ನು ತಟ್ಟಿ, “ಭೇಷ್ ಮಿಸ್ತ್ರಿ, ಹಾರಿದ್ರ ನಾವು ಹಾರ್ತೇವಿ, ನಿನ್ನ ತಗಡ ಹಾರೂದಿಲ್ಲ,” ಎಂದ. ಆ ಮಾತು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಾ ಗಾಡಿ ಹೊಡೆದೆ.

ಮಮದಾಪುರ ಮುಟ್ಟಿದಾಗ ಇನ್ನೂ ಬೆಳಕಿತ್ತು. ನನ್ನ ಮನೆಯ ಮುಂದೆ ಜನ ನಿಂತಿದ್ದರು, ನನ್ನನ್ನು ನೋಡಿ ದಾರಿ ಬಿಟ್ಟರು. ಇಪ್ಪತ್ತೆರಡು ತಗಡಿನಲ್ಲಿ ಹದಿಮೂರು ಇರಲಿಲ್ಲ. ಅಡುಗೆಮನೆಯಿಂದ ನೇರವಾಗಿ ಆಕಾಶ ಕಾಣುತ್ತಿತ್ತು. ನನ್ನ ಹೆಂಡತಿ ಮಹಾದೇವಿ ಜೋಳದ ಚೀಲಗಳ ಮೇಲೆ ತಾಡಪತ್ರಿ ಹೊಚ್ಚಿ, ಅದರ ಮೇಲೆ ತಾನೇ ಕುಳಿತಿದ್ದಳು. ಮಕ್ಕಳಿಗೆ, ಅವಳಿಗೆ ಏನೂ ಆಗಿರಲಿಲ್ಲ. ಅದನ್ನು ತಿಳಿದ ಮೇಲೆ ನನಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಡಾಕ್ಟರ ಮನೆಯಲ್ಲಿ ರೋಗ ಇರಬಹುದು. ತಗಡು ಹಾಕುವವನ ಮನೆಯ ತಗಡು ಹಾರಬಾರದು.

ಯಾಕೆ ಹಾರಿತು ಎಂದು ನನಗೆ ನಿಂತ ಜಾಗದಲ್ಲೇ ಗೊತ್ತಾಗಿತ್ತು. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ತಗಡು ಹಾಕುವಾಗ ಹೊರಗಿನ ಕೆಲಸದ ಕರೆ ಮೇಲಿಂದ ಮೇಲೆ ಬರುತ್ತಿತ್ತು. ಮನೆಯದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಬಿಟ್ಟು ಒಂದು ಜಾಗಕ್ಕೆ ಬೋಲ್ಟು ಬಿಗಿದು, ಅಂಚಿಗೆ ಕಲ್ಲು ಹೇರಿ, ಉಳಿದ ಬೋಲ್ಟು ದಸರೆಗೆ ಎಂದು ಇಳಿದುಬಂದೆ. ಹನ್ನೊಂದು ದಸರೆ ಹೋದವು. ಇದು ನನಗೆ ಗೊತ್ತಿತ್ತು. ಆದರೂ ಆ ಸಂಜೆ ಬಾಯಿಂದ ಬಂದದ್ದೇ ಬೇರೆ. “ಹೋದ ತಿಂಗಳ ಆ ಡಿಶ್ ಕೂಡ್ಸಾಕ ಬಂದಾಂವ ಮ್ಯಾಲ ಹತ್ತಿದ್ನಲ್ಲ, ಅಂವ ಏನರ ಸಡ್ಲ ಮಾಡ್ಯಾನ,” ಎಂದೆ, ಎಲ್ಲರಿಗೂ ಕೇಳುವಂತೆ.

ಪಕ್ಕದ ಮನೆಯ ಅಡಿವೆಪ್ಪ ಮೊಬೈಲು ಹಿಡಿದು ನಿಂತಿದ್ದ. ಅವನ ಕಬ್ಬಿನ ಹೊಲ ನನ್ನ ಹಿತ್ತಲಿಗೆ ಹತ್ತಿಕೊಂಡಿದೆ. “ಬಸಣ್ಣಾ, ನಿಮ್ಮ ತಗಡ ಹಾರೂದು ಪೂರಾ ವಿಡಿಯೋ ಬಂದೈತಿ ನೋಡ. ಪಾರಿವಾಳ ಹಾರಿದಂಗ ಹಾರ್ಯಾವ.”

“ಅಳಸ್ ಅದನ್ನ.”

“ಯಾಕ? ಚಲೋ ಬಂದೈತಿ.”

“ಅಡಿವೆಪ್ಪಾ, ನನ್ನ ಕಣ್ಣ ಮುಂದ ಅಳಸ್. ಇಲ್ಲಂದ್ರ ನಿನಗ ನನಗ ಮಾತಿಲ್ಲ.”

ಅವನು ಅಳಿಸಿದ. ನಾನು ಮೊಬೈಲಿನ ಪರದೆ ನೋಡುತ್ತಲೇ ಇದ್ದೆ, ನಂಬಿಕೆ ಬರಲಿಲ್ಲ.

ಬೆಳಗು ಹರಿಯುವ ಹೊತ್ತಿಗೆ ನಾನು ಅಡಿವೆಪ್ಪನ ಹೊಲದಲ್ಲಿದ್ದೆ. ಹದಿಮೂರರಲ್ಲಿ ಹನ್ನೊಂದು ತಗಡು ಸಿಕ್ಕವು, ಅದರಲ್ಲಿ ನಾಲ್ಕು ಸೊಟ್ಟಗಾಗಿದ್ದವು. ಎರಡು ಸಿಗಲೇ ಇಲ್ಲ. ಎಂಟು ದಿನದ ಮೇಲೆ ಅಡಿವೆಪ್ಪನ ಕೋಳಿಗೂಡಿಗೆ ಎರಡು ತಗಡು ಬಂದವು. ಘಟಪ್ರಭೆಯ ಸಂತೆಯಲ್ಲಿ ತಂದೆ ಎಂದ. ಅವು ನನ್ನವೇ ಎಂದು ಇವತ್ತಿಗೂ ನನ್ನ ಅನುಮಾನ. ಆ ಬೆಳಿಗ್ಗೆಯೇ ನನ್ನ ಇಬ್ಬರು ಆಳುಗಳನ್ನು ಕರೆಸಿ, ಹೊಸ ತಗಡು ತಂದು, ಈ ಸಲ ಒಂದೂ ಬಿಡದೆ ಪ್ರತಿ ಜಾಗಕ್ಕೂ ಬೋಲ್ಟು ಬಿಗಿದೆ. ಹಗ್ಗ ಹಿಡಿದು ಗೆರೆ ಹಾಕಿ ತೂತು ಕೊರೆದೆ. ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಓಣಿಯಲ್ಲಿ ಇನ್ನೂ ಒಂಬತ್ತು ಮನೆಗಳ ಮಾಡು ಹೋಗಿತ್ತು. ಅವರೆಲ್ಲ ತಲೆಯ ಮೇಲೆ ಕೈ ಹೊತ್ತು ನಷ್ಟ ಬರೆದುಕೊಳ್ಳಲು ಬರುವ ತಲಾಟಿಯ ದಾರಿ ಕಾಯುತ್ತಿದ್ದರು. ನಾನು ಮಾತ್ರ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡೆ. ಅಂದುಕೊಂಡದ್ದು, ಗೆದ್ದೆ ಎಂದು.

ಹತ್ತು ದಿನದ ಮೇಲೆ ಗೋಕಾಕದ ಬ್ಯಾಂಕಿಗೆ ಹೋದೆ. ಹಿತ್ತಲಲ್ಲಿ ಎರಡು ಕೋಣೆ ಹೆಚ್ಚಿಸುವಾಗ ಅಲ್ಲಿ ಸಾಲ ತೆಗೆದಿದ್ದೆ, ಕಂತು ತಪ್ಪಿಸಿದವನಲ್ಲ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಕಡಿತವಾಗುತ್ತಿದ್ದುದನ್ನು ಬಹಳ ದಿನದಿಂದ ಗಮನಿಸಿದ್ದೆ. ಬ್ಯಾಂಕಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡುವ ಸಂಜು ಎಂಬ ಹುಡುಗನನ್ನು ಕೇಳಿದೆ. ಮೂಡಲಗಿಯವನು, ವಿಮೆ ಕಂಪನಿಯ ಏಜೆಂಟ, ಶರ್ಟಿನ ಕಿಸೆಯಲ್ಲಿ ಮೂರು ಪೆನ್ನು.

“ಏನಪಾ, ವರ್ಷಾ ವರ್ಷಾ ನನ್ನ ಖಾತೇದಾಗಿಂದ ಯಾರ ತಿನ್ನಾಕತ್ತೀರಿ?”

“ಯಾರೂ ತಿನ್ನಾಕತ್ತಿಲ್ರಿ ಮಿಸ್ತ್ರಿ. ನಿಮ್ಮ ಮನಿ ವಿಮಾ ಅದು. ಸಾಲ ತಗೊಳ್ಳೂವಾಗ ನೀವ ಸಹಿ ಮಾಡೀರಿ.”

“ನನಗ ಹೇಳಿಲ್ಲ ಯಾರೂ.”

“ಹೇಳಿದ್ರ ಮಾಡ್ತಿದ್ರೇನು?” ಎಂದು ನಕ್ಕ. ಆಮೇಲೆ ದನಿ ಇಳಿಸಿ, “ಬೆಂಕಿ ಹತ್ತಿದ್ರ, ನೆರಿ ಬಂದ್ರ, ಗಾಳಿಗಿ ಮಾಡ ಹಾರಿದ್ರ ರೊಕ್ಕ ಬರ್ತೈತ್ರಿ. ನಿಮ್ಮ ಮಾಡ ಹಾರಿದ್ದು ನಾನೂ ನೋಡೇನಲ್ಲ, ಕ್ಲೇಮ್ ಯಾಕ ಹಾಕಿಲ್ಲ?” ಎಂದ.

“ಎಲ್ಲಿ ನೋಡಿದಿ?”

“ವಿಡಿಯೋದಾಗ. ಪಾರಿವಾಳದ್ದು.”

ಅಡಿವೆಪ್ಪ ಅಳಿಸುವ ಮೊದಲೇ ಅರವತ್ತು ಜನಕ್ಕೆ ಕಳಿಸಿದ್ದನಂತೆ. ಗೋಕಾಕದಿಂದ ಹುಕ್ಕೇರಿವರೆಗೆ ನನ್ನ ತಗಡು ಹಾರುತ್ತಲೇ ಇತ್ತು. ನಾನೊಬ್ಬನೇ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಯಾರಿಗೂ ಗೊತ್ತಿಲ್ಲ ಎಂದು ಕುಳಿತಿದ್ದೆ.

ಕ್ಲೇಮು ಹಾಕಿದೆ. ಎಲ್ಲರಿಗೂ ಗೊತ್ತಾದ ಮೇಲೆ ಬಿಡುವುದೇಕೆ? ಅರ್ಜಿಯ ಕಾಗದವನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು, ಸಣ್ಣಕ್ಷರದ್ದನ್ನೆಲ್ಲ ಬಿಸಿಲಿಗೆ ಹಿಡಿದು ಓದಿದೆ. ಮನೆಯನ್ನೇ ಬರೆಸಿಕೊಳ್ಳುವ ಹುನ್ನಾರವೇನೋ ಎಂಬ ಸಂಶಯ. “ಬರಸ್ಕೊಂಡ ಏನ ಮಾಡ್ತಾರ, ಅದೂ ಮಾಡ ಹಾರೂ ಮನಿ,” ಎಂದಳು ಮಹಾದೇವಿ. ಸಹಿ ಮಾಡಿದೆ.

ನಷ್ಟ ನೋಡಲು ಬೆಳಗಾವಿಯಿಂದ ಸರ್ವೆಯರು ಬಂದದ್ದು ಆರಿದ್ರಾ ಮಳೆಯಲ್ಲಿ. ಗಂಡಸು ಬರುತ್ತಾನೆ ಎಂದುಕೊಂಡಿದ್ದೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು ಬಂದರು, ಹೆಗಲಿಗೆ ಬ್ಯಾಗು, ಕಾಲಿಗೆ ಬೂಟು. ಚಹಾ ಬೇಡವೆಂದರು. ಚಹಾ ಬೇಡ ಎನ್ನುವ ಅಧಿಕಾರಿ ಎಂದರೆ ನನಗೆ ಮೊದಲೇ ಭಯ. “ಏಣಿ ಕೊಡ್ರಿ,” ಎಂದರು. ಕೆಳಗಿನಿಂದಲೇ ಕಾಣುತ್ತದೆ ಎಂದೆ. “ನನಗ ಕಾಣೂದಿಲ್ಲ,” ಎಂದು ಹತ್ತಿಯೇ ಬಿಟ್ಟರು. ನಾನೂ ಹಿಂದೆ ಹತ್ತಿದೆ.

ಅವರು ಅಂಚಿನ ಉದ್ದಕ್ಕೂ ಕುಕ್ಕರಗಾಲಲ್ಲಿ ಕುಳಿತು ಕುಳಿತು ಸರಿದರು. ಬೆರಳಲ್ಲಿ ಒಂದೊಂದೇ ಬೋಲ್ಟು ಮುಟ್ಟಿದರು. ಹಳೆಯ ಜಾಗದಲ್ಲಿ ಹನ್ನೊಂದು ವರ್ಷದ ತುಕ್ಕಿನ ಉಂಗುರ ಇತ್ತು, ನಡುವಿನ ಜಾಗದಲ್ಲಿ ಹೊಸ ತೂತಿನ ಹೊಳಪು. ಕಣ್ಣಿದ್ದವರು ಯಾರು ನೋಡಿದರೂ ಮೊದಲು ಅರ್ಧವೇ ಇತ್ತು ಎಂದು ತಿಳಿಯುತ್ತದೆ.

“ಹಳೇವು ಒಂದ ಬಿಟ್ಟ ಒಂದ ಅದಾವಲ್ಲ?”

“ಹೌದೇನ್ರಿ? ನಾ ನೋಡಿಲ್ಲ,” ಎಂದೆ. ನಾನು! ಅಂಗುಲ ತಪ್ಪಿದರೆ ಗೊತ್ತಾಗುವ ಕಣ್ಣಿನವನು.

ಅವರು ಫೋಟೋ ತೆಗೆದರು. ಹೊಸ ತೂತುಗಳ ಸಾಲಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. “ಈ ರಿಪೇರಿ ಮಾಡಿದ ಮಿಸ್ತ್ರಿ ಯಾರ್ರಿ?” ಎಂದು ಕೇಳಿದರು.

ಬಂತು ಅಂದುಕೊಂಡೆ. ನಾನೇ ಎಂದರೆ, ಹಳೆಯದೂ ನೀನೇ ಹಾಕಿದ್ದೇನು ಎನ್ನುತ್ತಾರೆ. ಹೌದೆಂದರೆ, ನಿನ್ನ ತಪ್ಪಿಗೆ ನಾವೇಕೆ ಕೊಡಬೇಕು ಎಂದು ಬರೆದುಕೊಂಡು ಹೋಗುತ್ತಾರೆ. ಕಾಗದದ ಮೇಲೆ ಒಮ್ಮೆ ಬಂದರೆ, ಬಸವರಾಜ ಮಿಸ್ತ್ರಿ ಅರ್ಧ ಬೋಲ್ಟಿನವನು ಎಂಬುದು ವಿಡಿಯೋಕ್ಕಿಂತ ಮುಂದೆ ಹೋಗುತ್ತದೆ. ನನ್ನ ಹೊಟ್ಟೆಗೆ ಹಾಕುವುದೇ ನನ್ನ ಹೆಸರು.

“ನಾ ಅಲ್ರಿ. ನಮ್ಮ ಗುರುಗಳು. ಘೋಡಗೇರಿ ಶಿವಲಿಂಗ ಅಂತ. ಆಗಲೂ ಅವರ, ಈಗಲೂ ಅವರ.”

“ಘೋಡಗೇರಿ? ಹುಕ್ಕೇರಿ ಕಡೆ ಬರ್ತೈತಲ್ಲ. ಇನ್ನೂ ಕೆಲಸಾ ಮಾಡ್ತಾರಾ ಅವರು?”

“ಮಾಡ್ತಾರ್ರಿ.”

ಅವರು ಕಂಪನಿಯ ಕಾಗದ ಬದಿಗಿಟ್ಟು, ಬ್ಯಾಗಿನೊಳಗಿನ ಒಂದು ಸಣ್ಣ ಡೈರಿ ತೆಗೆದು ಅದರಲ್ಲಿ ಹೆಸರು ಬರೆದುಕೊಂಡರು. ಆ ಡೈರಿ ನನ್ನ ನಿದ್ದೆ ಕೆಡಿಸಿತು. ಕಂಪನಿಯ ಕಾಗದದಲ್ಲಿ ಬರೆಯದ್ದನ್ನು ಡೈರಿಯಲ್ಲಿ ಯಾಕೆ ಬರೆದರು?

ಅವರು ಹೋದ ಮೇಲೆ ಮಹಾದೇವಿ ಕೇಳಿದಳು, “ಯಾಕ ಸುಳ್ಳ ಹೇಳಿದ್ರಿ?”

“ಸುಮ್ಮನಿರು. ಅಕಿ ತೂತ ಎಣಸಾಕತ್ತಿದ್ಳು.”

“ತೂತ ನಾನೂ ಎಣಿಸೇನಿ. ಹನ್ನೊಂದ ವರ್ಷ ಹಾಸಿಗಿ ಮ್ಯಾಲ ಮಲ್ಕೊಂಡ ಮತ್ತೇನ ಮಾಡೂದು?”

ಸುಳ್ಳು ಒಂದಕ್ಕೆ ನಿಲ್ಲಲಿಲ್ಲ. ಸಂಜು ಫೋನು ಮಾಡಿದ. “ಮಿಸ್ತ್ರಿ ಬ್ಯಾರೆ ಅಂತ ಸರ್ವೆಯರಿಗೆ ಹೇಳೀರಿ ಅಂದಮ್ಯಾಲ ಅವರಿಗೆ ಕೂಲಿ ಮುಟ್ಟಿದ ಪಾವತಿ ಬೇಕಲ್ರಿ. ಫೈಲಿನ್ಯಾಗ ಹಚ್ಚಬೇಕು. ಎರಡ ದಿನದಾಗ ತಂದಕೊಡ್ರಿ.”

“ಅವರು ಮುದುಕರದಾರಪಾ, ದೂರ.”

“ಒಂದ ಸಹಿ ಅಲ್ಲೇನ್ರಿ? ಯಾರ ನೋಡಾಕ ಹೊಕ್ಕಾರ?”

ಅವನು ಹೇಳಿದ್ದು ಅಷ್ಟೇ. ಮಾಡಿದ್ದು ನಾನು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು, ಬಿಳಿ ಹಾಳೆಯಲ್ಲಿ ತಗಡು ಇಷ್ಟು, ದಿನ ಇಷ್ಟು, ಕೂಲಿ ಇಷ್ಟು ಎಂದು ಬರೆದು, ಕೆಳಗೆ ಶಿವಲಿಂಗ, ಘೋಡಗೇರಿ ಎಂದು ಸಹಿ ಹಾಕಿದೆ. ಒಂದೇ ಉಸಿರಿಗೆ ಹಾಕಿದೆ. ಎರಡು ಸಲ ಯೋಚಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು.

ನಾಗರ ಪಂಚಮಿಗೆ ಎರಡು ದಿನ ಇದ್ದಾಗ ಕಾಕಾನ ಫೋನು ಬಂತು. “ಒಬ್ಬಾಕಿ ಹೆಣ್ಣಮಗಳು ಬಂದಿದ್ಳು. ನೀ ನಾಳಿ ಬಾ.” ಅಷ್ಟು ಹೇಳಿ ಇಟ್ಟುಬಿಟ್ಟರು.

ಮರುದಿನ ಗೋಕಾಕದಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಹೊರಟೆ. ಗೋಕಾಕ ಫಾಲ್ಸಿನ ಹತ್ತಿರ ರಸ್ತೆ ತುಂಬ ನೀರು ನೋಡಲು ಬಂದವರ ಗಾಡಿಗಳು. ಕೆಂಪು ನೀರು ಮೈತುಂಬಿ ಬೀಳುತ್ತಿತ್ತು, ಅದರ ಹನಿ ರಸ್ತೆಯವರೆಗೆ ಬಂದು ನನ್ನ ಮುಖ ತೊಯ್ಯಿಸಿತು. ನಾನು ನಿಲ್ಲಲಿಲ್ಲ. ತಲೆಯಲ್ಲಿ ಓಡುತ್ತಿದ್ದುದು ಒಂದೇ: ಕಾಕಾ ಏನು ಹೇಳಿರಬಹುದು? ಎಲ್ಲ ಒದರಿರುತ್ತಾರೆ. ಅಥವಾ ಬಾಯಿ ಮುಚ್ಚಿಕೊಂಡು, ಈಗ ನನ್ನ ಪಾಲೆಷ್ಟು ಎಂದು ಕೇಳಲು ಕರೆದಿರುತ್ತಾರೆ. ನನಗೆ ಬೋಲ್ಟು ಬಿಗಿಯುವ ಪಾನಾ ಹಿಡಿಯಲು ಕಲಿಸಿದ ಮನುಷ್ಯನ ಬಗ್ಗೆ ಹೀಗೆ ಯೋಚಿಸುತ್ತಾ ಇಪ್ಪತ್ತು ಮೈಲು ಹೋದೆ. ಅನುಮಾನ ಎಂಬುದು ಹಾಗೆಯೇ. ಮೊದಲು ಬ್ಯಾಂಕಿನವರ ಮೇಲೆ ಇರುತ್ತದೆ, ಆಮೇಲೆ ಯಾರನ್ನೂ ಬಿಡುವುದಿಲ್ಲ.

ಕಾಕಾ ಪಡಸಾಲೆಯಲ್ಲಿ ಕುಳಿತು ಮೊಮ್ಮಗಳ ಜೋಕಾಲಿಗೆ ಹಗ್ಗ ಹೊಸೆಯುತ್ತಿದ್ದರು. ಚಿಗವ್ವ, ಅಂದರೆ ಅವರ ಹೆಂಡತಿ, ತಾಟಿನಲ್ಲಿ ಶೇಂಗಾದ ಉಂಡೆ ಇಟ್ಟರು. ಕಾಕಾ ಹಗ್ಗದಿಂದ ತಲೆ ಎತ್ತಲಿಲ್ಲ.

“ತಿನ್ನು.”

“ಆಮ್ಯಾಲ ತಿಂತೇನ್ರಿ. ಆ ಹೆಣ್ಣಮಗಳು…”

“ಕೆಲಸಾ ಕೊಡಾಕ ಬಂದಿದ್ಳು.”

ನನಗೆ ಅರ್ಥವಾಗಲಿಲ್ಲ.

“ಅವರವ್ವ ಹುಕ್ಕೇರ್ಯಾಗ ಇರ್ತಾಳಂತ. ಮನಿ ಸೋರ್ತೈತಿ, ತಗಡ ಹಾಕ್ಸಬೇಕಂತ. ಮಮದಾಪುರದಾಗ ಒಂದ ರಿಪೇರಿ ನೋಡೇನ್ರಿ ಅಜ್ಜಾರ, ಇಪ್ಪತ್ತ ವರ್ಷದಾಗ ಇಂಥಾ ಗೆರಿ ನೋಡಿಲ್ಲ, ಅದನ್ನ ಮಾಡಿದ ಕೈ ನಮಗ ಬೇಕು ಅಂದ್ಳು. ಡೈರ್ಯಾಗ ನನ್ನ ಹೆಸರ ಬರಕೊಂಡಿದ್ಳು.”

ತಾಟಿನ ಉಂಡೆ ನೋಡುತ್ತಾ ಕುಳಿತೆ. ಮಿಸ್ತ್ರಿ ಯಾರೆಂದು ಸರ್ವೆಯರು ಕೇಳಿದ್ದು ಹೊಗಳುವುದಕ್ಕೆ. ನನ್ನನ್ನು ಹಿಡಿಯುವುದಕ್ಕೆ ಎಂದು ನಾನು ಕೇಳಿಸಿಕೊಂಡೆ.

“ಏಣಿ ಹತ್ತೂದ ಬಿಟ್ಟ ಏಳ ವರ್ಷಾತು ತಾಯೀ ಅಂದ್ನಿ. ಆ ಕೈ ನಂದಲ್ಲ, ನನ್ನ ಹುಡುಗಂದು ಅಂತ ಹೇಳಾಕ ಬಾಯಿ ತಗದಿದ್ನಿ. ಖರೇನ ಹೇಳ್ತೇನಿ ಬಸು, ಎದಿ ಉಬ್ಬಿತ್ತು. ಅಷ್ಟರಾಗ ಅಕಿ, ಮತ್ತ ಇದೇನ್ರಿ ಅಂತ ಮೊಬೈಲಿನ್ಯಾಗ ಪಾವತಿ ತೋರ್ಸಿದ್ಳು.” ಈಗ ತಲೆ ಎತ್ತಿದರು. “ಎಂಟ ವರ್ಷ ನನ್ನ ವಹಿ ಬರದೀದಿ. ನಿನ್ನ ಅಕ್ಷರ ನನಗ ತಿಳಿಯೂದಿಲ್ಲೇನೋ?”

“ಏನಂದ್ರಿ ಅಕಿಗೆ?”

“ನಾಳಿ ಹೇಳ್ತೇನಿ ಅಂದ್ನಿ. ನಿನ್ನೆ ನಾ ಹೇಳಿದ್ರ ನೀ ಕಳ್ಳ ಆಗ್ತಿದ್ದಿ. ಇವತ್ತ ನೀನ ಹೇಳಿದ್ರ ಬರೇ ಹುಚ್ಚ ಆಗ್ತಿ. ಯಾವುದ ಬೇಕು?”

ಚಿಗವ್ವ ಒಳಗೆ ಹೋದರು. ನಾನು ಎಲ್ಲ ಹೇಳಿದೆ. ಅರ್ಧ ಬೋಲ್ಟು, ಡಿಶ್ಶಿನವನು, ವಿಡಿಯೋ, ಡೈರಿ, ಸಂಜು. ಸಂಜುವಿನ ಹೆಸರು ಎರಡು ಸಲ ಬಂದಾಗ ಕಾಕಾ ಕೈ ಎತ್ತಿ, “ಅಂವ ಬ್ಯಾಡ, ನಿಂದ ಹೇಳು,” ಎಂದರು. ಮುಗಿದ ಮೇಲೆ ಬಹಳ ಹೊತ್ತು ಹಗ್ಗಕ್ಕೆ ಹುರಿ ಹಾಕಿದರು. ಸಹಿಯ ಮಾತು ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ.

“ಒಂದ ಬಿಟ್ಟ ಒಂದ. ಮಂದಿ ಮನಿಗಿ ಎಲ್ಲೆರ ಹಂಗ ಹಾಕೀ ಏನು?”

“ಇಲ್ರಿ ಕಾಕಾ. ನನ್ನ ಮಕ್ಕಳಾಣಿ.”

“ಆಣಿ ಹಾಕಬ್ಯಾಡ. ಇಷ್ಟ ದಿನಾ ನಿನ್ನ ಮಾತಿಗಿ ಆಣಿ ಬೇಕಾಗಿರ್ಲಿಲ್ಲ.”

ಅವರ ಪಡಸಾಲೆಯಲ್ಲೇ ನಿಂತು ಸರ್ವೆಯರಿಗೆ ಫೋನು ಮಾಡಿದೆ. ಹಳೆಯದೂ ಹೊಸದೂ ನಾನೇ ಹಾಕಿದ್ದು, ಪಾವತಿ ನಾನೇ ಬರೆದದ್ದು, ಸಹಿಯೂ ನನ್ನದು ಎಂದೆ.

“ಯಾಕ್ರಿ ಮಿಸ್ತ್ರಿ? ಸ್ವಂತ ಮಾಡೇನಿ ಅಂತ ಹೇಳಿದ್ರ ಮುಗೀತಿತ್ತು. ನಿಮ್ಮ ಓಣ್ಯಾಗ ಮತ್ತ ಒಂಬತ್ತ ಮನಿ ಹಾರ್ಯಾವು, ಅವಕ್ಕ ಪೂರಾ ಬೋಲ್ಟ್ ಇದ್ದೂವು. ಗಾಳಿ ನೋಡೇ ನಾ ಬರದಿದ್ದೆ.”

“ನನಗ ಅನುಮಾನ ಬಂತ್ರಿ.”

“ಯಾರ ಮ್ಯಾಲ?”

ಮುಂದೇನು ಮಾಡಬೇಕೆಂದು ಕೇಳಿದೆ. ಪಾವತಿ ಸುಳ್ಳೆಂದು ಬರೆದು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಸಹಿ ಮಾಡಿ ಕಳಿಸಬೇಕೆಂದರು. ಕಂಪನಿ ಏನು ಮಾಡುತ್ತದೋ ತಮ್ಮ ಕೈಯಲ್ಲಿಲ್ಲ ಎಂದರು. ಇಡುವ ಮೊದಲು ನಾನು ತಡೆಯಲಾರದೆ ಕೇಳಿದೆ, “ನಿಮ್ಮವ್ವನ ಮನಿ ಕೆಲಸಾ…”

“ಕೆಲಸಾ ಚಲೋ ಐತ್ರಿ ನಿಮ್ಮದು. ಅದನ್ನ ಇಲ್ಲ ಅನ್ನೂದಿಲ್ಲ. ಆದ್ರ ಅವ್ವ ಒಬ್ಬಾಕೆ ಇರ್ತಾಳ,” ಎಂದರು. ಅಷ್ಟೇ. ಮನೆಯೊಳಗೆ ಬಿಡುವ ಮನುಷ್ಯ ನಾನಲ್ಲ ಎಂದು ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ. ಮೂವತ್ತು ವರ್ಷದಲ್ಲಿ ಯಾರ ಮನೆಯ ಚಮಚವನ್ನೂ ಮುಟ್ಟಿದವನಲ್ಲ ನಾನು. ಆದರೆ ಅದನ್ನು ಹೇಳಲು ಆ ದಿನ ಬಾಯಿ ಇರಲಿಲ್ಲ.

ಕಂಪನಿ ತಗಡಿನದಷ್ಟು ಕೊಟ್ಟಿತು, ಕೂಲಿ ಕೊಡಲಿಲ್ಲ. ತಪ್ಪು ಒಪ್ಪಿಕೊಂಡ ಕಾಗದ ಫೈಲಿನಲ್ಲಿ ಉಳಿಯಿತು. ಸಂಜುವನ್ನು ಕೇಳಿದರೆ, “ಸಹಿ ನೀವ ಹಾಕ್ರಿ ಅಂತ ನಾ ಯಾವಾಗ ಹೇಳೇನ್ರಿ?” ಎಂದ. ಹೇಳಿರಲಿಲ್ಲ, ನಿಜ. ಅವನ ಮೇಲಿನ ಅನುಮಾನ ಮಾತ್ರ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನನಗೆ ತಗುಲಿದ್ದು ಅದಲ್ಲ. ಪಂಚಮಿ ಮುಗಿದು ಹದಿನೈದು ದಿನಕ್ಕೆ ಘೋಡಗೇರಿಯ ಒಬ್ಬ ಗಿರಾಕಿ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. “ಏನ್ ಮಿಸ್ತ್ರಿ, ನಿಮ್ಮ ಕಾಕಾಗ ಏನಾಗೈತಿ? ಕೋಲ ಹಿಡಕೊಂಡ ಓಣಿ ಓಣಿ ಅಡ್ಡಾಡಾಕತ್ತಾರ. ನೀವು ತಗಡ ಹಾಕಿದ ಮನಿ ಮುಂದ ನಿಂತು, ಕತ್ತ ಮ್ಯಾಲ ಮಾಡಿ, ಬೋಲ್ಟ್ ಎಣಸ್ತಾರ. ನಮ್ಮ ಮನ್ಯಾಗ ಒಳಗ ಬಂದು ಹಾಸಿಗಿ ಮ್ಯಾಲ ಅಡ್ಡಾಗಿ ಎಣಿಸಿದ್ರು. ನಾವೆಲ್ಲಾ ನಕ್ಕೇವಿ.”

ನಾನೂ ನಕ್ಕೆ. ನಗಲೇಬೇಕಿತ್ತು. ಮಣಕಾಲು ಹೋದ ಎಪ್ಪತ್ತಾರರ ಮುದುಕರು ತಾವು ಯಾರ ಯಾರಿಗೆ ನನ್ನ ಹೆಸರು ಹೇಳಿ ಕಳಿಸಿದ್ದರೋ, ಅವರೆಲ್ಲರ ಮಾಡಿನ ಕೆಳಗೆ ನಿಂತು ನನ್ನನ್ನು ಎಣಿಸುತ್ತಿದ್ದರು. ಇಡೀ ಮಳೆಗಾಲ ನಾನು ಮಂದಿಯನ್ನು ನೋಡಿದ ಕಣ್ಣಿನಿಂದಲೇ ಈಗ ಅವರು ನನ್ನನ್ನು ನೋಡುತ್ತಿದ್ದರು. ಘೋಡಗೇರಿ ಮುಗಿದ ಮೇಲೆ ಬಸ್ ಹತ್ತಿ ಬಾಜೂ ಊರುಗಳಿಗೂ ಹೋದರಂತೆ. ಎಲ್ಲೂ ಒಂದೂ ಕಡಿಮೆ ಬೀಳಲಿಲ್ಲ. ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ನನಗೊಬ್ಬನಿಗೇ ಆದರೆ ಏನು ಬಂತು?

ಎಣಿಸಿ ಸರಿ ಬಂದ ಮೇಲೂ ಅವರು ಹುಕ್ಕೇರಿ ಕಡೆಯ ಗಿರಾಕಿಗಳನ್ನು ನನ್ನ ಕಡೆ ಕಳಿಸಲಿಲ್ಲ. ಆ ವರ್ಷ ಇಲ್ಲ, ಮುಂದಿನ ವರ್ಷವೂ ಇಲ್ಲ. ಹಬ್ಬಕ್ಕೆ ಹೋದರೆ ಚಿಗವ್ವ ಉಣ್ಣಲು ಹಾಕುತ್ತಿದ್ದರು. ಕಾಕಾ ಬೆಳೆ, ಮಳೆ, ಮೊಮ್ಮಗಳ ಶಾಲೆ, ಎಲ್ಲ ಮಾತಾಡುತ್ತಿದ್ದರು. ತಗಡಿನ ಮಾತು ಮಾತ್ರ ನಮ್ಮಿಬ್ಬರ ನಡುವೆ ಬರಲಿಲ್ಲ. ನಾನೂ ಕೇಳಲಿಲ್ಲ. ಬೇಡುವುದು ನನಗೆ ಬಾರದು. ಬೇಡಿದರೆ ಅವರೂ ಕೊಡುವವರಲ್ಲ.

ಹೋದ ಸೋಮವಾರ ಅವರ ಫೋನು ಬಂತು. ಹೇಗಿದ್ದೀ ಎಂದು ಕೇಳಲಿಲ್ಲ. ಉದ್ದ ಇಷ್ಟು ಫೂಟು, ಅಗಲ ಇಷ್ಟು ಎಂದು ಹೇಳಿ, ಬರೆದುಕೊಂಡೆಯಾ ಎಂದು ಕೇಳಿ, ಇಟ್ಟುಬಿಟ್ಟರು.

ಈಗ ನನ್ನ ಹತ್ತಿರ ಏಣಿ ಎರಡು, ಡ್ರಿಲ್ಲು ಎರಡು, ಮೋಟರ್‌ಸೈಕಲ್ಲು ಒಂದು. ಕೆಲಸಕ್ಕೆ ಬರುವ ಆಳು ಮೂವರು. ಮಳೆ ಜೋರಾಗುವ ಮೊದಲು ಮುಗಿಸಬೇಕಾದ ಮಾಡುಗಳು ಗೋಕಾಕ ತಾಲೂಕಿನಲ್ಲಿ ನಾಲ್ಕು, ಮೂಡಲಗಿಯಲ್ಲಿ ಎರಡು. ಹುಕ್ಕೇರಿ ತಾಲೂಕಿನಲ್ಲಿ ಒಂದು: ಕಾಕಾನ ದನದ ಕೊಟ್ಟಿಗೆ, ಒಂಬತ್ತು ತಗಡು.